ಒಂದು ಒತ್ತು ಸಾಕು

ಮದುವೆಮನೆಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆಯುವುದು ಶಾಸ್ತ್ರ. ಊಟವಾದ ಮೇಲೆ ತೊಳೆಯುವುದು ಅಗತ್ಯ. ಶಾಸ್ತ್ರಕ್ಕೆ ನಾಲ್ಕು ಹನಿ ನೀರು ಸಾಕೆಂದು ನಂಬಿಕೊಂಡು ಬಂದವನು ನಾನು. ಆದರೆ ಈಚೆಗೆ ಜೆ.ಪಿ. ನಗರದ ಒಂದು ಕಲ್ಯಾಣಮಂಟಪದಲ್ಲಿ ಪಕ್ಕದ ಬೇಸಿನ್ನಿನ ಮುಂದೆ ನನ್ನ ಹೆಂಡತಿಯೇ ನಿಂತಿದ್ದಳು. ಅವಳ ಕಣ್ಣೆದುರಿಗೆ ನಾಲ್ಕು ಹನಿಯ ಶಾಸ್ತ್ರ ನಡೆಯುವುದಿಲ್ಲ. ಸರಿ ಎಂದು ಅಲ್ಲಿದ್ದ ಹ್ಯಾಂಡ್‌ವಾಶ್ ಬಾಟಲಿಯ ತಲೆ ಒತ್ತಿದೆ. ಮೂತಿಯ ಕೆಳಗೆ ಅಂಗೈ ಒಡ್ಡಿಕೊಂಡೇ ಇದ್ದೆ. ಅಂಗೈಗೆ ಏನೂ ಬರಲಿಲ್ಲ. ಹಸಿರು ಸೋಪಿನ ಒಂದು ಗೆರೆ ನೆಟ್ಟಗೆ ಹಾರಿ ಬಂದು, ಹೊಕ್ಕುಳಿನ ಮಟ್ಟದಲ್ಲಿ ನನ್ನ ರೇಷ್ಮೆ ಪಂಚೆಯ ಮೇಲೆ ಕೂತಿತು.

"ಹೋಗ್ಲಿ ಬಿಡಿ ಸಾರ್, ತೊಳೆಯೋ ಪದಾರ್ಥವೇ ತಾನೇ ಬಿದ್ದಿರೋದು" ಎಂದು ಹಿಂದೆ ನಿಂತಿದ್ದ ಹಿರಿಯರೊಬ್ಬರು ಸಮಾಧಾನ ಹೇಳಿದರು. ತರ್ಕ ಚೆನ್ನಾಗಿತ್ತು. ಆದರೆ ಆ ಹಸಿರು ಕಲೆಯನ್ನು ಹೊತ್ತುಕೊಂಡು ಪಂಕ್ತಿಯ ಮಧ್ಯೆ ನಡೆದುಹೋಗುವಾಗ ತರ್ಕ ಜೊತೆಗೆ ಬರಲಿಲ್ಲ. ಕೋಸಂಬರಿ ಬಡಿಸುವವನು ಎಲೆಯನ್ನು ಬಿಟ್ಟು ನನ್ನ ಹೊಟ್ಟೆಯನ್ನೇ ನೋಡಿದ.

ಸೋಪು ಹೀಗೆ ಹಾರಿದ್ದಕ್ಕೆ ಕಾರಣ ಬಹಳ ಸರಳ. ಹಿಂದಿನ ಮುಹೂರ್ತದವರು ಒತ್ತಿ ಬಿಟ್ಟ ಸೋಪು ಮೂತಿಯ ತುದಿಯಲ್ಲೇ ಉಳಿದು, ಒಣಗಿ, ಬಾಯಿಯ ಅರ್ಧವನ್ನು ಮುಚ್ಚಿರುತ್ತದೆ. ಉಳಿದ ಅರ್ಧದಲ್ಲಿ ಅಷ್ಟೇ ಸೋಪು ಹೊರಬರಬೇಕು. ಹಾಗಾಗಿ ವೇಗ ಹೆಚ್ಚುತ್ತದೆ, ದಿಕ್ಕೂ ತಪ್ಪುತ್ತದೆ. ಮೇಲಾಗಿ ಈ ಬಾಟಲಿಗಳ ಮೂತಿ ಯಾವಾಗಲೂ ಒತ್ತುವವನ ಕಡೆಗೇ ಮುಖ ಮಾಡಿಕೊಂಡಿರುತ್ತದೆ. ಪಂಪು ರೂಪಿಸಿದವರಿಗೆ ನಮ್ಮ ಅಂಗೈ ಕಂಡಿತ್ತು. ಅದರ ಹಿಂದೆ ಒಂದು ಹೊಟ್ಟೆಯೂ ಇರುತ್ತದೆ ಎಂಬುದು ಕಂಡಿರಲಿಲ್ಲ.

ಅದೇ ಮಂಟಪದ ಬಾಗಿಲಲ್ಲಿ, ಕಲ್ಲುಸಕ್ಕರೆಯ ತಟ್ಟೆಯ ಪಕ್ಕ, ಬೆಳ್ಳಿಯ ಪನ್ನೀರುದಾನಿ ಇತ್ತು. ಉದ್ದ ಕತ್ತು, ಗುಂಡು ಹೊಟ್ಟೆ, ತುದಿಯಲ್ಲಿ ಸಣ್ಣ ಸಣ್ಣ ತೂತು. ಅದಕ್ಕೆ ಸ್ಪ್ರಿಂಗಿಲ್ಲ, ವಾಲ್ವಿಲ್ಲ, ಕೊಳವೆಯಿಲ್ಲ. ಹುಡುಗಿ ಮಣಿಕಟ್ಟನ್ನು ಒಮ್ಮೆ ಝಾಡಿಸಿದರೆ ನಾಲ್ಕು ಹನಿ. ಸಂಬಂಧ ಹತ್ತಿರದ್ದಾದರೆ ಎರಡು ಸಲ ಝಾಡಿಸುವುದೂ ಉಂಟು. ಗಂಡಿನ ಸೋದರಮಾವನಿಗೆ ಎಷ್ಟು, ಗಂಡಿನ ಆಫೀಸಿನವರಿಗೆ ಎಷ್ಟು ಎಂಬ ಲೆಕ್ಕವೆಲ್ಲ ಆ ಮಣಿಕಟ್ಟಿನಲ್ಲಿತ್ತು. ದೇವಸ್ಥಾನದ ಉದ್ಧರಣೆಯೂ ಅದೇ ಜಾತಿ. ಅರ್ಚಕರ ಕೈ ಎಷ್ಟು ಬಗ್ಗುತ್ತದೋ ಅಷ್ಟು ತೀರ್ಥ. "ಇನ್ನೊಂದು ಸ್ವಲ್ಪ ಹಾಕಿ" ಎಂದು ಯಾರೂ ಕೇಳುವುದಿಲ್ಲ. ಕೊಡುವ ಕೈಯೇ ಅಳತೆಯಾಗಿದ್ದ ಕಾಲ ಅದು. ಈಗ ಅಳತೆಯನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಬಾಟಲಿಯ ಕತ್ತಿಗೆ ಕೂರಿಸಿದ್ದಾರೆ. ನೀವು ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಭಕ್ತಿಯಿಂದ ಒತ್ತಿ, ಪೂರ್ತಿ ಒತ್ತಿದರೆ ಬರುವುದು ಅಷ್ಟೇ.

ಪಂಚೆ ಡ್ರೈಕ್ಲೀನಿಂಗಿಗೆ ಹೋದ ಮಧ್ಯಾಹ್ನ ಮನೆಯಲ್ಲಿ ಮುಗಿದುಹೋಗಿದ್ದ ಒಂದು ಬಾಟಲಿಯ ಪಂಪನ್ನು ಬಿಚ್ಚಲು ಕೂತೆ. ಬ್ಯಾಂಕಿನಿಂದ ನಿವೃತ್ತನಾದವನಿಗೆ ಮಧ್ಯಾಹ್ನಗಳು ಧಾರಾಳ. ಅದರೊಳಗೆ ಒಂದು ಪುಟ್ಟ ಸಿಲಿಂಡರು, ಅದರಲ್ಲಿ ಜಾರುವ ಪಿಸ್ಟನ್ನು, ಅದನ್ನು ಮೇಲೆತ್ತುವ ಸ್ಟೀಲಿನ ಸ್ಪ್ರಿಂಗು, ಬುಡದಲ್ಲಿ ಮೆಣಸಿನ ಕಾಳಿನ ಗಾತ್ರದ ಒಂದು ಗಾಜಿನ ಗೋಲಿ. ತಲೆ ಒತ್ತಿದಾಗ ಗೋಲಿ ಕೆಳಗಿನ ದಾರಿಯನ್ನು ಮುಚ್ಚುತ್ತದೆ. ಒಳಗಿದ್ದ ಸೋಪಿಗೆ ಮೂತಿಯೊಂದೇ ಗತಿ. ಕೈ ಬಿಟ್ಟಾಗ ಸ್ಪ್ರಿಂಗು ಪಿಸ್ಟನ್ನನ್ನು ಮೇಲೆತ್ತುತ್ತದೆ, ಗೋಲಿ ಎದ್ದು ದಾರಿ ಬಿಡುತ್ತದೆ, ಕೊಳವೆಯಿಂದ ಹೊಸ ಸೋಪು ಮೇಲೇರುತ್ತದೆ. ಈ ವಿದ್ಯೆ ಹೊಸದಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಎಂಬಾತ ಎರಡು ಸಿಲಿಂಡರು, ಪಿಸ್ಟನ್ನು, ವಾಲ್ವುಗಳನ್ನು ಜೋಡಿಸಿ ನೀರೆತ್ತುವ ಯಂತ್ರ ಮಾಡಿದ್ದ. ಆಮೇಲಿನವರು ಅದನ್ನು ಬೆಂಕಿ ಆರಿಸುವುದಕ್ಕೆ ಬಳಸಿದರು. ನಾವು ಕೈ ತೊಳೆಯುವುದಕ್ಕೆ ಬಳಸುತ್ತಿದ್ದೇವೆ.

ಹೊಸ ಪಂಪು ಮೊದಲ ಕೆಲವು ಒತ್ತಿಗೆ ಏನನ್ನೂ ಕೊಡುವುದಿಲ್ಲ ಎಂಬುದನ್ನು ನೀವೂ ಕಂಡಿರಬಹುದು. ಅದು ಮಾವನ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ: ಎಷ್ಟು ಮಾತಾಡಿಸಿದರೂ ಬರೀ ಗಾಳಿ, ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ಸಿಲಿಂಡರಿನಲ್ಲಿ ಗಾಳಿ ತುಂಬಿರುತ್ತದೆ. ಅದೆಲ್ಲ ಹೊರಗೆ ಹೋಗುವ ತನಕ ಸೋಪಿಗೆ ಜಾಗವಿಲ್ಲ.

ಬಿಚ್ಚಿದಾಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಿಸ್ಟನ್ನೂ ಅಲ್ಲ, ಗೋಲಿಯೂ ಅಲ್ಲ, ಪಕ್ಕದಲ್ಲಿದ್ದ ಒಂದು ತೂತು. ಅಷ್ಟು ಸಣ್ಣದು, ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಹಿಡಿದರೆ ಮಾತ್ರ ಕಾಣುವಂಥದ್ದು. ಬಾಟಲಿಯಿಂದ ಸೋಪು ಎಷ್ಟು ಹೊರಗೆ ಬರುತ್ತದೋ ಅಷ್ಟೇ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಒಳಗೆ ನಿರ್ವಾತವಾಗಿ, ಬಾಟಲಿಯ ಕೆನ್ನೆ ಒಳಕ್ಕೆ ಕುಸಿದು, ಕೊನೆಗೆ ಪಂಪು ಮುಷ್ಕರ ಹೂಡುತ್ತದೆ. ಇದಕ್ಕೆ ದೊಡ್ಡ ಓದೇನೂ ಬೇಕಾಗಿಲ್ಲ. ನಮ್ಮಜ್ಜಿ ಎಣ್ಣೆ ಡಬ್ಬಕ್ಕೆ ಮೊಳೆಯಿಂದ ಒಂದು ಮೂಲೆಯಲ್ಲಿ ತೂತು ಹೊಡೆದವಳೇ ಎದುರು ಮೂಲೆಯಲ್ಲಿ ಇನ್ನೊಂದು ಹೊಡೆಯುತ್ತಿದ್ದಳು. "ಅದ್ಯಾಕಜ್ಜಿ?" ಎಂದರೆ "ಅದೂ ಉಸಿರಾಡ್ಬೇಕಲ್ಲೋ" ಎನ್ನುತ್ತಿದ್ದಳು.

ಅಜ್ಜಿಯ ಮನೆಯಲ್ಲಿ ಪಂಪೆಂದರೆ ಸೀಮೆಎಣ್ಣೆಯ ಪಂಪ್ ಸ್ಟವ್ವು. ಆ ಪ್ರೈಮಸ್ ಜಾತಿಯ ಒಲೆಯನ್ನು 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ಮಾಡಿದನಂತೆ. ಅಲ್ಲಿಂದ ಅದು ನಮ್ಮ ಅಡುಗೆಮನೆಗಳ ತನಕ ಬಂತು. ಹಿತ್ತಾಳೆಯ ಟ್ಯಾಂಕಿಗೆ ಗಾಳಿ ಒತ್ತಿದರೆ ಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ಬುಸ್ಸೆಂದು ಹೊರಗೆ ಬರುತ್ತಿತ್ತು. ಆ ತೂತು ಕಟ್ಟಿಕೊಂಡರೆ ಅದಕ್ಕೊಂದು ಪಿನ್ನು. ಪಿನ್ನು ಕಳೆದುಹೋದ ದಿನ ಮನೆಯಲ್ಲಿ ಕಾಫಿ ಇಲ್ಲ, ಶಾಂತಿಯೂ ಇಲ್ಲ. ಕಲ್ಯಾಣಮಂಟಪದ ಬೇಸಿನ್ನಿನ ಬಳಿ ಅಂಥದೊಂದು ಪಿನ್ನನ್ನು ದಾರ ಕಟ್ಟಿ ನೇತುಹಾಕಿದ್ದರೆ ಎಷ್ಟೋ ರೇಷ್ಮೆ ಉಳಿಯುತ್ತಿತ್ತು.

ಸ್ಟವ್ವಿನ ನಂತರ ನೆನಪಾಗುವುದು ಫ್ಲಿಟ್ಟು. ಮುಸ್ಸಂಜೆಗೆ ಕಿಟಕಿ ಬಾಗಿಲು ಮುಚ್ಚಿ, ನಮ್ಮನ್ನು ಜಗುಲಿಗೆ ಅಟ್ಟಿ, ಅಪ್ಪ ತಗಡಿನ ಪಂಪನ್ನು ಹಿಡಿದು ಒಳಗೆ ಹೋಗುತ್ತಿದ್ದರು. ಫ್ಲಿಟ್ ಎಂಬುದು 1923ರಲ್ಲಿ ಅಮೆರಿಕದ ಒಂದು ಎಣ್ಣೆ ಕಂಪನಿ ಹೊರತಂದ ಕೀಟನಾಶಕದ ಹೆಸರು. ಮುಂದೆ ಮಕ್ಕಳ ಪುಸ್ತಕಗಳಿಂದ ಲೋಕಪ್ರಸಿದ್ಧನಾದ ಡಾಕ್ಟರ್ ಸೂಸ್ 1928ರಿಂದ ವರ್ಷಗಟ್ಟಲೆ ಅದರ ಜಾಹೀರಾತಿಗೆ ಸೊಳ್ಳೆ ಚಿತ್ರ ಬರೆದು ಹೊಟ್ಟೆ ಹೊರೆದ. ಆ ಪಂಪಿನಲ್ಲಿ ಪಿಸ್ಟನ್ನು ದ್ರವವನ್ನು ಮುಟ್ಟುವುದೇ ಇಲ್ಲ. ಬರೀ ಗಾಳಿಯನ್ನು ತಳ್ಳುತ್ತದೆ. ಕೊಳವೆಯ ಬಾಯಿಯ ಮೇಲೆ ಗಾಳಿ ರಭಸವಾಗಿ ಹಾದುಹೋಗುವಾಗ ಅಲ್ಲಿ ಒತ್ತಡ ಇಳಿದು ಔಷಧಿ ತಾನಾಗಿ ಮೇಲೆದ್ದು ತುಂತುರಾಗುತ್ತದೆ. ಇದೇ ಉಪಾಯದಿಂದ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಹಾಯೋದ ಡಾಕ್ಟರ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸುವ ಸಾಧನ ಮಾಡಿದ. ಅವನ ಮಗನ ಕಾಲಕ್ಕೆ ಅದು ಅತ್ತರಿನ ಬಾಟಲಿಯ ತಲೆ ಏರಿತು. ಗಂಟಲುನೋವು, ಅತ್ತರು, ಸೊಳ್ಳೆ, ಮೂರಕ್ಕೂ ಒಂದೇ ವಿದ್ಯೆ.

ಜಯನಗರದ ಮನೆಗಳಲ್ಲಿ ಸೋಪಿನ ಬಿಲ್ಲೆಯನ್ನು ಬಾಟಲಿ ಓಡಿಸಿದ ಕಥೆಗೂ ಅಮೆರಿಕದಲ್ಲೇ ಬೇರಿದೆ. ಮಿನೆಸೋಟದ ರಾಬರ್ಟ್ ಟೇಲರ್ ಎಂಬ ವ್ಯಾಪಾರಿ 1980ರಲ್ಲಿ ಸಾಫ್ಟ್‌ಸೋಪ್ ಎಂಬ ದ್ರವ ಸೋಪನ್ನು ಪಂಪಿನ ಬಾಟಲಿಯಲ್ಲಿ ದೇಶಕ್ಕೆಲ್ಲ ಮಾರಲು ಹೊರಟ. ಸೋಪಿಗೂ ಪಂಪಿಗೂ ಪೇಟೆಂಟು ಸಿಗುವಂತಿರಲಿಲ್ಲ. ದೊಡ್ಡ ಕಂಪನಿಗಳು ನಕಲು ಮಾಡಿದರೆ ಇವನ ಕಥೆ ಮುಗಿಯಿತು. ಆಗ ಅವನಿಗೊಂದು ಸಂಗತಿ ಹೊಳೆಯಿತು: ಅಂಥ ಪಂಪು ತಯಾರಿಸುವವರು ಅಲ್ಲಿ ಇದ್ದದ್ದೇ ಇಬ್ಬರು. ಇಬ್ಬರ ಬಳಿಯೂ ಹೋಗಿ ಒಟ್ಟು 10 ಕೋಟಿ ಪಂಪುಗಳಿಗೆ ಆರ್ಡರು ಕೊಟ್ಟುಬಿಟ್ಟ. ಬೆಲೆ 1.2 ಕೋಟಿ ಡಾಲರು. ದೊಡ್ಡವರ ಬಳಿ ಸೋಪಿತ್ತು, ಹಣವಿತ್ತು, ಜಾಹೀರಾತಿತ್ತು. ಒತ್ತುವುದಕ್ಕೆ ತಲೆ ಇರಲಿಲ್ಲ. ಅವರಿಗೆ ಪಂಪು ಸಿಗುವ ಹೊತ್ತಿಗೆ ಇವನ ಹೆಸರು ಜನರ ಬಾಯಲ್ಲಿತ್ತು. 1987ರಲ್ಲಿ ಕೋಲ್ಗೇಟ್ ಕಂಪನಿ ಆ ವ್ಯಾಪಾರವನ್ನು ಕೊಂಡುಕೊಂಡಿತು. ಹತ್ತಾರು ವರ್ಷ ಸಾಲದ ಅರ್ಜಿಗಳನ್ನು ನೋಡಿದವನು ನಾನು. ಹತ್ತು ಕೋಟಿ ಸೋಪು ಪಂಪಿಗೆ ಸಾಲ ಬೇಕೆಂದು ಯಾರಾದರೂ ನನ್ನ ಮೇಜಿನ ಮುಂದೆ ಕೂತಿದ್ದರೆ ನೀರು ಕೊಟ್ಟು, ಬೆವರು ಒರೆಸಿ, ಮನೆಗೆ ಕಳಿಸುತ್ತಿದ್ದೆ.

ಪಂಪಿನಿಂದ ಸೋಪಿನ ಕಂಪನಿಗೆ ಇನ್ನೊಂದು ಲಾಭವೂ ಇದೆ. ಸೋಪಿನ ಬಿಲ್ಲೆಯನ್ನು ಎಷ್ಟು ಉಜ್ಜಬೇಕೆಂದು ಉಜ್ಜುವವನು ನಿರ್ಧರಿಸುತ್ತಾನೆ. ಸವೆದು ಎಲೆಯಷ್ಟಾದದ್ದನ್ನು ಹೊಸ ಬಿಲ್ಲೆಗೆ ಅಂಟಿಸುವ ಸಂಪ್ರದಾಯವೂ ನಮ್ಮಲ್ಲಿದೆ. ಪಂಪಿನಲ್ಲಿ ಅದು ನಡೆಯುವುದಿಲ್ಲ. ಒಂದು ಒತ್ತಿಗೆ ಒಂದೂವರೆ ಮಿಲಿಲೀಟರ್ ಎಂದಿಟ್ಟುಕೊಂಡರೂ 200 ಮಿಲಿಲೀಟರಿನ ಬಾಟಲಿ ಸುಮಾರು 130 ಒತ್ತಿಗೆ ಖಾಲಿ. ಅದರಲ್ಲೂ ಕೊನೆಯದಷ್ಟು ಮೇಲೆ ಬರುವುದಿಲ್ಲ. ಕೊಳವೆಯ ತುದಿ ಬಾಟಲಿಯ ತಳಕ್ಕೆ ಅಂಟಿಕೊಂಡು ಬಾಯಿ ಮುಚ್ಚಬಾರದೆಂದು ಅದನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಆ ಓರೆಯ ಕೆಳಗೆ, ಮೂಲೆಗಳಲ್ಲಿ, ಉಳಿದದ್ದು ಉಳಿದೇ ಹೋಗುತ್ತದೆ. ಎಸೆಯುವವರು ಎಸೆಯುತ್ತಾರೆ. ನಮ್ಮಲ್ಲಿ ಯಾರು ಎಸೆಯುತ್ತಾರೆ? ಅರ್ಧ ಲೋಟ ನೀರು ಹಾಕಿ, ಕುಲುಕಿ, ಇನ್ನೊಂದು ವಾರ.

ಈ ನೀರು ಹಾಕುವ ಕಲೆ ಮನೆಯಲ್ಲಿ ಮಿತವ್ಯಯ, ಹೋಟೆಲಿನಲ್ಲಿ ವ್ಯವಹಾರ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ನಿಂತುಕೊಂಡು ತಿನ್ನುವ ಪಾಠವನ್ನು ಊರಿಗೆಲ್ಲ ಕಲಿಸಿತು. ಅದರ ಸಂತಾನ ಈಗ ಎಲ್ಲ ಬಡಾವಣೆಯಲ್ಲೂ ಇದೆ. ಅಂಥ ಯಾವುದೋ ಒಂದು ಕಡೆ ಕೈ ತೊಳೆಯಲು ಹೋದರೆ ಬಾಟಲಿಯಲ್ಲಿರುವುದು ಸೋಪಿನ ನೆನಪು ಮಾತ್ರ. ಗಟ್ಟಿ ದ್ರವಕ್ಕೆಂದು ಮಾಡಿದ ಪಂಪಿನಲ್ಲಿ ಸಾರಿನಷ್ಟು ತೆಳ್ಳಗಿನದನ್ನು ತುಂಬಿದರೆ ಅದು ನಿಧಾನಕ್ಕೆ ಇಳಿಯುವುದಿಲ್ಲ, ಚಿಮ್ಮುತ್ತದೆ. ತೆಳ್ಳಗಿನದಕ್ಕೇ ಮಾಡಿದ ಪಂಪು ಬೇರೆ ಇದೆ, ನೊರೆ ಪಂಪು. ಅದರಲ್ಲಿ ಸೋಪಿಗೊಂದು ಕೋಣೆ, ಗಾಳಿಗೊಂದು ಕೋಣೆ. ಎರಡೂ ಸೇರಿ ಸಣ್ಣ ಜಾಲರಿಯನ್ನು ಹಾದು ನೊರೆಯಾಗಿ ಬರುತ್ತವೆ. ಅಂಗೈ ತುಂಬ ಬಂದಂತೆ ಕಾಣುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿ. ಹೋಟೆಲಿನವರೇ ಇದನ್ನು ಕಂಡುಹಿಡಿದಿದ್ದರೆ ನನಗೇನೂ ಆಶ್ಚರ್ಯವಾಗುತ್ತಿರಲಿಲ್ಲ.

ಹಾಗೆ ನೋಡಿದರೆ ಸರ್ಕಾರವೂ ಒಮ್ಮೆ ಈ ಗಾಳಿ ಬೆರೆಸುವ ಉಪಾಯಕ್ಕೆ ಕೈ ಹಾಕಿತು. 2024ರ ಮಾರ್ಚಿನಲ್ಲಿ, ಕೊಳವೆಬಾವಿಗಳೆಲ್ಲ ಬತ್ತಿ ಟ್ಯಾಂಕರಿನವನು ಕುಲದೇವರಾಗಿದ್ದಾಗ, ಜಲಮಂಡಳಿ ಹೋಟೆಲು, ಅಪಾರ್ಟ್‌ಮೆಂಟು, ಕಚೇರಿಗಳ ನಲ್ಲಿಗೆ ಏರೇಟರು ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ, ಧಾರೆ ದಪ್ಪವಾಗಿ ಕಂಡರೂ ಖರ್ಚು ಕಡಿಮೆಯಾಗುವ ಬಿಲ್ಲೆಯದು. ಪಾಪ, ಅವರ ಕಷ್ಟ ಅವರಿಗೆ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ, ಹಾರೋಹಳ್ಳಿ, ತಾತಗುಣಿ ಎಂದು ಹಂತಹಂತವಾಗಿ ಪಂಪಿನ ಮೇಲೆ ಪಂಪು ಹತ್ತಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಬಂದು ನಮ್ಮ ಮನೆಯ ಸಂಪು ತಲುಪುತ್ತಾಳೆ. ಅಷ್ಟು ಪ್ರಯಾಣ ಮಾಡಿ ಬಂದವಳಿಗೆ ಬೇಸಿನ್ನಿನಲ್ಲಿ ಕಾದಿರುವುದು ನನ್ನ ನಾಲ್ಕು ಹನಿಯ ಶಾಸ್ತ್ರ. ಬಿ.ಟಿ.ಎಂ. ಲೇಔಟಿನ ಪಿಜಿಯಲ್ಲಿರುವ ನನ್ನ ತಂಗಿಯ ಮಗನಿಗೆ ಆ ಭಾಗ್ಯವೂ ಇಲ್ಲ. ಅವನ ಕುಡಿಯುವ ನೀರು 20 ಲೀಟರಿನ ಕ್ಯಾನಿನಲ್ಲಿ ಬರುತ್ತದೆ. ಮೇಲೊಂದು ಕೈಪಂಪು ಸಿಕ್ಕಿಸಿದ್ದಾರೆ. ಒತ್ತಿದಷ್ಟು ನೀರು, ರಾತ್ರಿ ಒಬ್ಬ ಕುಡಿದರೆ ಅದರ ಕುಯ್ಯೆಂಬ ಸದ್ದಿಗೆ ಕೋಣೆಯ ನಾಲ್ವರೂ ಏಳುತ್ತಾರಂತೆ.

ಒತ್ತುವುದರಿಂದ ಬಿಡುವುದಕ್ಕೆ ಬರೋಣ, ಎಂದರೆ ತುಂತುರು ಬಿಡುವುದಕ್ಕೆ. ನನ್ನ ಹೆಂಡತಿ ತಾರಸಿಯಲ್ಲಿ ತೋಟ ಮಾಡಿದ್ದಾಳೆ. ಅದು ಜಯನಗರ ಬನಶಂಕರಿಗಳಲ್ಲಿ ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರುತ್ತದೆ. "ಊಟ ಫ್ರಮ್ ಯುವರ್ ತೋಟ" ಎಂಬ ಮೇಳಕ್ಕೆ ಹೋಗಿ ಬಂದ ಮೇಲೆ ಉಲ್ಬಣಿಸುತ್ತದೆ. ನಮ್ಮ ಮನೆಯಲ್ಲಿ ಕಿತ್ತಳೆ, ಮೂಸಂಬಿ, ನಿಂಬೆ ಯಾವುದರ ಸಿಪ್ಪೆಯೂ ಕಸಕ್ಕೆ ಹೋಗುವುದಿಲ್ಲ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ಮೂರು ತಿಂಗಳು ಕೊಳೆಸಿದರೆ ಬಯೋಎಂಜೈಮು. ಡಬ್ಬದ ಮುಚ್ಚಳವನ್ನು ಆಗಾಗ ಸಡಿಲಿಸುವ ಕೆಲಸ ನನ್ನದು. ನೆಲ ಒರೆಸಲು ಅದೇ, ಗಾಜು ಒರೆಸಲು ಅದೇ, ಗಿಡಕ್ಕೂ ಅದೇ.

ಅದಕ್ಕೆ ಸ್ಪ್ರೇ ಬಾಟಲಿ ಬೇಕಾಗಿ ಜಯನಗರದ ನಾಲ್ಕನೇ ಬ್ಲಾಕಿಗೆ ಹೋದೆ. "ಬರೀ ಸ್ಪ್ರೇ ತಲೆ ಕೊಡ್ತೀರಾ? ಬಾಟಲಿ ಮನೇಲಿದೆ" ಎಂದೆ.

"ಬಾಟಲಿ ತಂದಿದ್ದೀರಾ ಸಾರ್? ಬಾಯಿ ನೋಡ್ಬೇಕು" ಎಂದ ಅಂಗಡಿಯವನು. ಹುಡುಗಿ ನೋಡಲು ಹೋದಾಗಲೂ ಇಷ್ಟು ಗಂಭೀರವಾಗಿ ಯಾರೂ ಕೇಳಿರಲಿಲ್ಲ. ವಿಷಯ ಏನೆಂದರೆ ಬಾಟಲಿಯ ಬಾಯಿಗೂ ಜಾತಕವಿದೆ. ಬಾಯಿಯ ಅಗಲಕ್ಕೊಂದು ನಂಬರು, ತಿರುಪಿನ ಬಗೆಗೊಂದು ನಂಬರು. 28/410 ಎಂದರೆ ಅಗಲ 28 ಮಿಲಿಮೀಟರು, ತಿರುಪು 410ನೇ ಜಾತಿಯದು. ಇದಕ್ಕೆ 24/410ರ ತಲೆ ಕೂರುವುದಿಲ್ಲ. ನಂಬರು ಕೂಡಿಬಂದರೆ ಯಾವ ಊರಿನ ತಲೆಯೂ ಯಾವ ಊರಿನ ಬಾಟಲಿಗೂ ಹೊಂದುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಪಂಪಿನ ತಲೆಗಳನ್ನು ಎಸೆಯುವುದಿಲ್ಲ. ಎಸೆಯಲು ಹೊರಟರೂ ಒಂದು ಧರ್ಮಸಂಕಟ: ಅದರಲ್ಲಿ ಎರಡು ಮೂರು ಬಗೆಯ ಪ್ಲಾಸ್ಟಿಕ್ಕು, ಸ್ಟೀಲಿನ ಸ್ಪ್ರಿಂಗು, ಗಾಜಿನ ಗೋಲಿ. ಒಣ ಕಸದವನು ತೆಗೆದುಕೊಂಡು ಹೋಗುತ್ತಾನೆ, ಸರಿ. ಆದರೆ ಬೇರ್ಪಡಿಸುವವರು ಈ ಸಂಯುಕ್ತ ಕುಟುಂಬವನ್ನು ಹೇಗೆ ಭಾಗ ಮಾಡಬೇಕು?

ಸ್ಪ್ರೇ ತಲೆಯ ಗುಟ್ಟು ಅದರ ಮೂತಿಯಲ್ಲಿದೆ. ಒಳಗೆ ಒಂದು ಪುಟ್ಟ ಗುಂಡು ಕೋಣೆ. ನೀರು ಅದಕ್ಕೆ ನಡುವಿನಿಂದ ನುಗ್ಗದೆ ಅಂಚಿನಿಂದ ಓರೆಯಾಗಿ ನುಗ್ಗುತ್ತದೆ. ಗಿರ್ರನೆ ತಿರುಗಿ, ಆ ತಿರುಗಿದ ರಭಸದಲ್ಲೇ ತೂತಿನಿಂದ ಹೊರಬಿದ್ದು, ಛತ್ರಿಯಾಗಿ ಹರಡಿ ಹನಿಹನಿಯಾಗುತ್ತದೆ. ಮೂತಿಯನ್ನು ತಿರುಗಿಸಿದರೆ ಆ ಸುಳಿ ತಪ್ಪಿ ನೇರ ಧಾರೆ. ಇಂಥ ನಾಜೂಕಿನ ಕೋಣೆಗೆ ಮೂರು ತಿಂಗಳು ಕೊಳೆತ ಮೂಸಂಬಿಯ ಒಂದು ನಾರು ಸಿಕ್ಕಿದರೆ ಮುಗಿಯಿತು. ಬಟ್ಟೆಯಲ್ಲಿ ಸೋಸಿಯೇ ತುಂಬಬೇಕು. ಇಸ್ತ್ರಿ ಗಾಡಿಯವನಿಗೆ ಈ ತಾಪತ್ರಯವಿಲ್ಲ: ಹಳೆಯ ನೀರಿನ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ಐದಾರು ತೂತು, ಕೆಲಸ ಮುಗಿಯಿತು.

ಇನ್ನೊಂದು ಫಜೀತಿ ಎಲೆಯ ಬೆನ್ನಿನದು. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದರೆ ಬೇವಿನೆಣ್ಣೆಗೆ ಚೂರು ಸೋಪು ಬೆರೆಸಿ, ನೀರಿಗೆ ಹಾಕಿ ಸಿಂಪಡಿಸಬೇಕು. ಸೋಪಿಲ್ಲದಿದ್ದರೆ ಎಣ್ಣೆ ನೀರಿನೊಡನೆ ಸೇರುವುದಿಲ್ಲ. ತಿಗಣೆ ಕೂರುವುದು ಎಲೆಯ ಅಡಿಯಲ್ಲಿ. ಅಲ್ಲಿಗೆ ಮೂತಿ ತಿರುಗಿಸಲು ಬಾಟಲಿಯನ್ನು ಹಿಂದಕ್ಕೆ ವಾಲಿಸಿದರೆ ದ್ರವ ಹಿಂಬದಿಗೆ ಸರಿಯುತ್ತದೆ, ಕೊಳವೆ ಗಾಳಿಯಲ್ಲಿ ಉಳಿಯುತ್ತದೆ. ಜನ ಸಾಮಾನ್ಯವಾಗಿ ಬಾಟಲಿಯನ್ನು ಮುಂದಕ್ಕೆ ಬಗ್ಗಿಸಿ ಮೇಜು, ಗಾಜುಗಳಿಗೆ ಹೊಡೆಯುತ್ತಾರೆಂದು ಕೊಳವೆಯನ್ನೂ ಮುಂದಕ್ಕೇ ಬಾಗಿಸಿರುತ್ತಾರೆ. ತಿಗಣೆಗೆ ಈ ವಿಷಯ ಯಾರು ಹೇಳಿದರೋ.

ಹೀಗೆ ನಾನು ದಾಸವಾಳದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಟ್ರಿಗರು ಎಳೆಯುತ್ತಿದ್ದಾಗ ಕೊಪ್ಪದ ಕಡೆಯಿಂದ ಬಂದಿದ್ದ ಭಾವಮೈದ ತಾರಸಿಗೆ ಬಂದ. ಅಡಿಕೆ ತೋಟದವನು. ಸ್ವಲ್ಪ ಹೊತ್ತು ನೋಡಿದ.

"ಎಂತ ಭಾವ ಇದು, ಗಿಡಕ್ಕೆ ಅತ್ತರು ಹೊಡೀತಿದ್ದೀರ?"

ಅವನ ಲೋಕದಲ್ಲಿ ಪಂಪೆಂದರೆ ಗಟಾರ್ ಪಂಪು. ಕೆಳಗೊಬ್ಬ ಸನ್ನೆಯನ್ನು ಹಿಂದೆ ಮುಂದೆ ದಬ್ಬುತ್ತಾನೆ; ಪೈಪು ಹಿಡಿದ ಕೊನೆಗಾರ ಮರದ ತುದಿಯಲ್ಲಿ ಕೂತು ಗೊನೆಗೆ ಔಷಧಿ ಹೊಡೆಯುತ್ತಾನೆ. ಈಗೀಗ ಕಾರ್ಬನ್ ಫೈಬರಿನ ದೋಟಿ ಬಂದು ನೆಲದಲ್ಲೇ ನಿಂತು ಹೊಡೆಯುವುದೂ ಇದೆ. ಔಷಧಿ ಎಂದರೆ ಬೋರ್ಡೋ ದ್ರಾವಣ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರು ನೀರು. ಅದರ ಹುಟ್ಟೂ ತಮಾಷೆಯದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬರದಿದ್ದದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ. ಮೊದಮೊದಲು ಅದನ್ನು ಪೊರಕೆಯಲ್ಲಿ ಅದ್ದಿ ಚಿಮುಕಿಸುತ್ತಿದ್ದರು; ಬೆನ್ನಿಗೆ ಹೊರುವ ಪಂಪು ಆಮೇಲೆ ಬಂತು. ಮಲೆನಾಡಿಗೆ ಅದನ್ನು ತಂದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದ ಅವರು ಮಳೆಗಾಲದ ತೋಟಗಳನ್ನು ಸುತ್ತಿ, ಅಡಿಕೆಯ ಕೊಳೆರೋಗದ ಮೂಲ ಹುಡುಕಿ, 1910ರಲ್ಲಿ ವರದಿ ಬರೆದು ಬೋರ್ಡೋ ಹೊಡೆಸಿದರು. ಅದಕ್ಕೂ ಮೊದಲು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೇ ದಾರಿಯಾಗಿತ್ತು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರವನ್ನು ಶುರುಮಾಡಿಸಿದವರೂ ಅವರೇ. ಎಂದರೆ ನನ್ನ ಬೆಳಗಿನ ಕಾಫಿಯಲ್ಲೂ ಊಟದ ನಂತರದ ಅಡಿಕೆಯಲ್ಲೂ ಆ ಪುಣ್ಯಾತ್ಮನ ಪಾಲಿದೆ.

"ಗೊನೆಯ ಸುತ್ತ, ಒಂದು ಕಾಯಿ ಬಿಡದೆ ನೆನೀಬೇಕು ಭಾವ. ಅಷ್ಟಾದ್ರೆ ಸಾಕು, ಜಾಸ್ತಿ ಹೊಡೆದ್ರೆ ಕೆಳಗಿದ್ದವನ ತಲೆಗೇ" ಎಂದ ಅವನು. ಸಾಕು ಎಂಬುದಕ್ಕೆ ಅವನ ಪಂಪಿನಲ್ಲಿ ಗುರುತಿಲ್ಲ, ಮೇಲಿರುವವನ ಕಣ್ಣಿನಲ್ಲಿದೆ.

ಆ ಗುರುತನ್ನು ನಾವು ಬಾಟಲಿಗೆ ಬಿಟ್ಟುಕೊಟ್ಟ ವರ್ಷವೊಂದಿತ್ತು. ಕೊರೊನಾ ಲಾಕ್‌ಡೌನಿನ ನಂತರ 2020ರ ಜೂನ್ 8ರಂದು ದೇವಸ್ಥಾನಗಳು ಬಾಗಿಲು ತೆರೆದಾಗ ತೀರ್ಥ ಇಲ್ಲ, ಪ್ರಸಾದ ಇಲ್ಲ, ಪ್ರೋಕ್ಷಣೆಯೂ ಇಲ್ಲ. ಬಾಗಿಲಲ್ಲಿ ಮಾತ್ರ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು. ಮೆಟ್ಟಿದರೆ ಒಂದು ಸರಳು ಕೆಳಗಿಳಿದು ಬಾಟಲಿಯ ತಲೆ ಒತ್ತುತ್ತಿತ್ತು. ನನ್ನ ಮುಂದಿದ್ದ ಅಜ್ಜಿಯೊಬ್ಬರು ಅಭ್ಯಾಸಬಲದಿಂದ ಬಲ ಅಂಗೈಯನ್ನು ಗುಳಿ ಮಾಡಿ, ಎಡಗೈಯನ್ನು ಅಡಿಗೆ ಕೊಟ್ಟು, ಬಂದದ್ದನ್ನು ಬಾಯಿಯ ಹತ್ತಿರ ಒಯ್ದೇಬಿಟ್ಟಿದ್ದರು. "ಅಮ್ಮಾ, ಕುಡೀಬೇಡಿ!" ಎಂದು ಸೆಕ್ಯುರಿಟಿಯವನು ಕೂಗಿಕೊಂಡ. ಆಕೆ ಕೈ ಉಜ್ಜಿಕೊಂಡು, ಉಳಿದ ಪಸೆಯನ್ನು ನೆತ್ತಿಗೆ ಸವರಿ ಒಳಗೆ ಹೋದರು.

ನಮ್ಮ ಮನೆಯ ಅಳತೆಯ ಅಧಿಕಾರವನ್ನು ನನ್ನ ಹೆಂಡತಿ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹ್ಯಾಂಡ್‌ವಾಶ್ ತಂದ ದಿನವೇ ಪಂಪನ್ನು ಒತ್ತಿ ನೋಡಿ, "ಇಷ್ಟೊಂದು ಯಾಕ್ರೀ? ಇದು ಕಂಪನಿಯವರ ಕೈ ತೊಳೆಯೋ ಅಳತೆ" ಎಂದಳು. ಆಮೇಲೆ ಸಾಂಬಾರಿನ ಪಾರ್ಸಲಿಗೆ ಸುತ್ತಿ ಬಂದಿದ್ದ ರಬ್ಬರ್ ಬ್ಯಾಂಡೊಂದನ್ನು ಪಂಪಿನ ತಲೆಗೂ ಕತ್ತಿಗೂ ನಡುವೆ ನಾಲ್ಕು ಸುತ್ತು ಸುತ್ತಿದಳು. ತಲೆ ಈಗ ಅರ್ಧ ದಾರಿಗೇ ನಿಲ್ಲುತ್ತದೆ. ಸೋಪೂ ಅರ್ಧವೇ ಬರುತ್ತದೆ. ಅಲೆಕ್ಸಾಂಡ್ರಿಯಾದಿಂದ ಅಮೆರಿಕದ ತನಕ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ನಡೆದ ವಿನ್ಯಾಸಕ್ಕೆ ಕೊನೆಯ ತಿದ್ದುಪಡಿ ನಮ್ಮ ಬೇಸಿನ್ನಿನ ಮೇಲಾಯಿತು. ನಾನಂತೂ ಮೆಚ್ಚಿಕೊಂಡೆ. ತಿಂಗಳ ಖರ್ಚಿನ ಲೆಕ್ಕವನ್ನೂ ಮನಸ್ಸಿನಲ್ಲೇ ಹಾಕಿಕೊಂಡೆ.

ಭಾವಮೈದ ತಾರಸಿಯಿಂದಿಳಿದು ಊಟಕ್ಕೆ ಕೈ ತೊಳೆಯಲು ಹೋದ. ಒತ್ತಿದ. ಅಂಗೈ ನೋಡಿಕೊಂಡ. ಮತ್ತೆ ಒತ್ತಿದ. ತೋಟದ ಕೈ, ಸಣ್ಣದಲ್ಲ. ಬಿಡದೆ ಒತ್ತುತ್ತಲೇ ಇದ್ದ. ಆಮೇಲೆ ಬಾಟಲಿಯನ್ನೇ ಎತ್ತಿ ಕಿವಿಯ ಬಳಿ ಹಿಡಿದು ಕುಲುಕಿದ.

"ಭಾವ, ನಿಮ್ಮ ಪಂಪಿನ ವಾಷರ್ ಹೋಗಿದೆ. ಮುಂದಿನ ಸಲ ಬರುವಾಗ ಒಂದು ತಂದ್ಕೊಡ್ತೇನೆ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಹುಳಿ ಬಡಿಸುವುದರಲ್ಲಿ ಮಗ್ನಳಾಗಿದ್ದಳು. ಅವನು ಸಂಜೆಯ ಬಸ್ಸಿಗೆ ಹೊರಟ ಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು, ಮಟ್ಟ ಎಷ್ಟು ಇಳಿದಿದೆಯೆಂದು ನೋಡಿ, ಡ್ರಾಯರಿನಿಂದ ಇನ್ನೊಂದು ರಬ್ಬರ್ ಬ್ಯಾಂಡು ತೆಗೆದಳು. ಈಗ ನಮ್ಮ ಮನೆಯಲ್ಲಿ ಒಂದು ಒತ್ತಿಗೆ ಸೋಪಿನ ವಾಸನೆ ಮಾತ್ರ ಬರುತ್ತದೆ.